ಹಿಮ್ಮಡಿಯ ತಾವರೆ

ಸಕಲೇಶಪುರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ, ತಲೆ ತೊಳೆಯುವುದಕ್ಕೆ ಒಂದು ಬೇಸಿನ್. ಸುತ್ತಲಿನ ಎಸ್ಟೇಟುಗಳ ಹೆಂಗಸರ ಹುಬ್ಬು, ಕೆನ್ನೆ, ಕೂದಲು ಎಲ್ಲವೂ ಹದಿನೆಂಟು ವರ್ಷದಿಂದ ನನ್ನ ಕೈ ದಾಟಿ ಹೋಗಿವೆ. ಮುಖಕ್ಕೆ ಕ್ರೀಮು ಹಚ್ಚಿ ತಿಕ್ಕುತ್ತಿದ್ದರೆ ಕಣ್ಣು ಮುಚ್ಚಿದ ಹೆಂಗಸರು ಮನೆಯ ಸಮಾಚಾರವನ್ನೆಲ್ಲ ಹೇಳಿಬಿಡುತ್ತಾರೆ. ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ನನಗೆ ಗೊತ್ತಿರುವಷ್ಟು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಗಿರಾಕಿಗಳದ್ದು ಏನನ್ನೂ ನಾನು ಹೊರಗೆ ಸಾಗಿಸಿದವಳಲ್ಲ. ಸಾಗಿಸಿದ್ದು ಒಂದೇ ಸಲ, ಅದೂ ಒಬ್ಬರ ಹಿಮ್ಮಡಿಯನ್ನು.

ಇದೆಲ್ಲ ಶುರುವಾದದ್ದು ಇನ್ನೊಬ್ಬರ ಕೈಯಿಂದ. ಒಂದು ಮಧ್ಯಾಹ್ನ, ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಬೆರಳ ತುದಿಗಳು ಒಡೆದಿದ್ದವು. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಮಣ್ಣು ಕೂತಿತ್ತು. ಅಂಗೈ ಮುಟ್ಟಿದರೆ ಉಪ್ಪುಕಾಗದ. ಬಿಸಿನೀರಿನಲ್ಲಿ ನೆನೆಸಿ, ಉಜ್ಜಿ, ಎಣ್ಣೆ ತಿಕ್ಕಿ, ಒಂದೂವರೆ ಗಂಟೆ ಒದ್ದಾಡಿ ಆ ಕೈಗಳನ್ನು ಮದುವಣಗಿತ್ತಿಯ ಕೈಗಳ ಮಟ್ಟಕ್ಕೆ ತಂದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತುಂಬಾ ಚೆನ್ನಾಗಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಹಾಳಾಗತ್ತೆ," ಎಂದರು.

"ಯಾಕ್ ಮೇಡಂ, ಹಾಳು ಮಾಡೋಕೆ ಅಂತಾನೇ ಮಾಡಿಸ್ಕೊಂಡ್ರಾ?"

"ಮಣ್ಣಿನ ಕೆಲಸ ಮಾಡ್ತೀನಿ. ವನಗೂರು ರಸ್ತೆಲಿ ಹಳೇ ಕಾಫಿ ಸ್ಟೋರ್ ಒಂದಿದೆಯಲ್ಲ, ಅಲ್ಲಿ. ಬೇಕಾದ್ರೆ ಬಂದು ನೋಡಿ."

ನನ್ನ ಒಂದೂವರೆ ಗಂಟೆಯ ಕೆಲಸವನ್ನು ಹಾಳು ಮಾಡುವಂಥ ಆ ಮಣ್ಣು ಎಂಥದ್ದು ಎಂದು ನೋಡಲೇಬೇಕಿತ್ತು. ಮಂಗಳವಾರ ಪಾರ್ಲರಿಗೆ ರಜೆ. ಬಸ್ಸು ಹತ್ತಿದೆ.

ಒಂದು ಕಾಲಕ್ಕೆ ಕಾಫಿ ಮೂಟೆ ಪೇರಿಸಿಡುತ್ತಿದ್ದ ಉದ್ದನೆಯ ಕಟ್ಟಡ ಅದು. ಒಳಗೆ ಈಗ ಮೂರು ತಿಗರಿಗಳಿದ್ದವು. ಕುಂಬಾರರ ತಿಗರಿಯೇ, ಆದರೆ ಕೋಲಿನ ಬದಲು ಕರೆಂಟಿನಿಂದ ತಿರುಗುವಂಥದ್ದು. ಹಿಂಬದಿಯಲ್ಲಿ ಬೀರುವಿನಷ್ಟು ಎತ್ತರದ, ಗ್ಯಾಸಿನಿಂದ ಉರಿಯುವ ಸುಡುವ ಗೂಡು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಟ್ಟಲು, ಹೂಜಿ, ತಟ್ಟೆಗಳು. ಕೆಲವು ಹಸಿರು, ಕೆಲವು ಜೇನಿನ ಬಣ್ಣ, ಕೆಲವು ನೀರು ಮಜ್ಜಿಗೆಯ ಹಾಗೆ ಬಿಳಿ. ನಾನೊಂದು ಬಟ್ಟಲನ್ನು ಎತ್ತಿಕೊಂಡು, ನನಗೇ ತಿಳಿಯದೆ, ಗಿರಾಕಿಯ ಕೆನ್ನೆಯ ಮೇಲೆ ಆಡಿಸುವ ಹಾಗೆ ಹೆಬ್ಬೆರಳು ಆಡಿಸುತ್ತಿದ್ದೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಮೊಡವೆ ಎದ್ದ ಹಾಗೆ ತರಿತರಿ.

ಅವರು ಅದನ್ನು ಗಮನಿಸಿದರು. "ನೀವು ಕಣ್ಣಿಗಿಂತ ಮುಂಚೆ ಕೈಯಲ್ಲಿ ನೋಡ್ತೀರಿ. ಮಂಗಳವಾರ ಮಂಗಳವಾರ ಬನ್ನಿ, ಕಲಿಸ್ತೀನಿ," ಎಂದರು. ಅವತ್ತಿನಿಂದ ಅವರು ನನಗೆ ಟೀಚರ್. ನನಗಿಂತ ಹತ್ತು ವರ್ಷ ಚಿಕ್ಕವರು ಎಂಬುದನ್ನು ನಾವಿಬ್ಬರೂ ಎತ್ತಿ ಆಡಲಿಲ್ಲ.

ಆಕಾರದ ವಿಷಯದಲ್ಲಿ ನಾನು ಪೂರ್ತಿ ಫೇಲಾದೆ. ನಾಲ್ಕು ಮಂಗಳವಾರ ತಿಗರಿಯ ಮುಂದೆ ಕೂತೆ. ಬಟ್ಟಲು ನೆಟ್ಟಗೆ ಮೇಲೇಳುತ್ತಿತ್ತು, ಇನ್ನೇನು ಆಯಿತು ಎನ್ನುವಾಗ ಒಂದು ಪಕ್ಕಕ್ಕೆ ವಾಲಿ, ತಲೆಸುತ್ತು ಬಂದವರ ಹಾಗೆ ಮೆಲ್ಲಗೆ ಕೂತುಬಿಡುತ್ತಿತ್ತು.

"ಯಾಕ್ ಟೀಚರ್ ಹಿಂಗಾಗ್ತದೆ?"

"ನೀವು ಮಣ್ಣಿಗೆ ಮಸಾಜ್ ಮಾಡ್ತಿದ್ದೀರಿ. ಅದಕ್ಕೆ ಹಾಯಾಗಿ ನಿದ್ದೆ ಬರ್ತಿದೆ. ಸ್ವಲ್ಪ ಗದರಿಸಿ ಹಿಡೀರಿ."

ಹದಿನೆಂಟು ವರ್ಷ ನಯವಾಗಿ ತಿಕ್ಕಿ ಅಭ್ಯಾಸವಾದ ಕೈಗೆ ಗದರಿಸುವುದು ಬರಲಿಲ್ಲ. ಐದನೇ ವಾರ ಅವರು ನನ್ನನ್ನು ತಿಗರಿಯಿಂದ ಎಬ್ಬಿಸಿ, ಮಣ್ಣನ್ನು ಚಪಾತಿಯ ಹಾಗೆ ಲಟ್ಟಿಸುವ ಮೇಜಿಗೆ ಕಳಿಸಿದರು. ಅಲ್ಲೊಂದು ಹಳೆಯ ಕಾಫಿ ಗೋಣಿಚೀಲ ಬಿದ್ದಿತ್ತು. ಅದನ್ನು ಹಸಿಮಣ್ಣಿನ ಮೇಲೆ ಹಾಸಿ ಲಟ್ಟಣಿಗೆ ಎಳೆದು ಎತ್ತಿದೆ. ಗೋಣಿಯ ಒಂದೊಂದು ಎಳೆಯೂ ಮಣ್ಣಿನಲ್ಲಿ ಮೂಡಿತ್ತು, ಅದರ ಹೊಲಿಗೆ, ಹರಿದ ತೂತು ಸಮೇತ. ನನ್ನ ಮೈ ಜುಂ ಎಂದಿತು. ಅವತ್ತೇ ನಾನು ಕೆಟ್ಟುಹೋದೆ.

ಆಮೇಲೆ ಒಂದು ಟಿಫನ್ ಡಬ್ಬಿಯಲ್ಲಿ ಮಣ್ಣಿನ ಮುದ್ದೆ ಇಟ್ಟುಕೊಂಡೇ ತಿರುಗಾಡತೊಡಗಿದೆ. ಕಂಡದ್ದಕ್ಕೆಲ್ಲ ಒತ್ತಿ ಅಚ್ಚು ತೆಗೆಯುವುದು. ಹಲಸಿನ ಕಾಯಿ, ಜೀಪಿನ ಟೈರು, ಬಸ್ಸಿನ ಹರಿದ ಸೀಟು, ತಂಗಿಯ ಮನೆಯ ಹಸುವಿನ ಮೂತಿ. ಹಸು ಮಾತ್ರ ಅರ್ಧ ಮಣ್ಣು ನೆಕ್ಕಿಬಿಟ್ಟಿತು. ಬಿಸಿಲೆ ಕಡೆ ಒಂದು ಮದುವೆಗೆ ಹೋದಾಗ ಊಟದ ಪಂಕ್ತಿಯಿಂದ ಎದ್ದು ಹೋಗಿ ಮತ್ತಿ ಮರದ ತೊಗಟೆಗೆ ಮಣ್ಣು ಮೆತ್ತಿ ಬಂದೆ. ಮೊಸಳೆಯ ಬೆನ್ನಿನಂಥ ತೊಗಟೆ ಅದು. ಒಂದು ಮಧ್ಯಾಹ್ನ ನಮ್ಮ ಮನೆಯವರು ಡಬ್ಬಿ ತೆಗೆದು ನೋಡಿ ರಾಗಿಮುದ್ದೆ ಎಂದುಕೊಂಡು, ತಟ್ಟೆಗೆ ಹಾಕಿಕೊಂಡು, ಸಾರು ಬಡಿಸಿಕೊಂಡು, ಬೆರಳಲ್ಲಿ ಒತ್ತಿಯೂ ನೋಡಿದ್ದರು. "ಇವತ್ತು ಮುದ್ದೆ ಯಾಕೋ ಗಟ್ಟಿ ಆಗ್ಬುಟ್ಟೈತೆ ಕಣೆ," ಎಂದು ಅವರು ಒಳಗಿಂದ ಕೂಗಿದಾಗ ನಾನು ಓಡಿಹೋಗಿ ಉಳಿಸಿದೆ. ಉಳಿಸಿದ್ದು ಮಣ್ಣನ್ನು.

ಟೀಚರ್ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು. ಹಸಿಮಣ್ಣನ್ನು ಯಾವುದಕ್ಕಾದರೂ ಒತ್ತಿದರೆ ಎಲ್ಲ ತಿರುಗುಮುರುಗಾಗುತ್ತದೆ: ಅಲ್ಲಿನ ಬಿರುಕು ಇಲ್ಲಿ ದಿಣ್ಣೆ. ಆ ತುಂಡನ್ನು ಒಣಗಿಸಿ ಒಮ್ಮೆ ಸುಟ್ಟುಕೊಂಡರೆ ಅದೊಂದು ಅಚ್ಚು. ಆ ಅಚ್ಚನ್ನು ಹೊಸ ಮಣ್ಣಿಗೆ ಒತ್ತಿದರೆ ಮೊದಲಿನ ಬಿರುಕು ಬಿರುಕಾಗಿಯೇ ಮೂಡುತ್ತದೆ, ಎಷ್ಟು ಸಲ ಬೇಕಾದರೂ.

ಇಂಥ ಹೊತ್ತಿನಲ್ಲಿ ದೊಡ್ಡಮ್ಮ ನನ್ನ ಪಾರ್ಲರಿಗೆ ಬಂದರು.

ವನಗೂರಿನ ಆಚೆ ಅವರ ಎಸ್ಟೇಟು. ತೋಟದವರೆಲ್ಲ ದೊಡ್ಡಮ್ಮ ಎಂದೇ ಕರೆಯುವುದು. ಅವರ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ಚಿಕ್ಕಮ್ಮ. ಆಸ್ತಿ ಪಾಲಾಗಿ ಎರಡು ಮನೆಗಳಾಗಿ ಬಹಳ ವರ್ಷವಾಗಿದೆ. ನಡುವೆ ಒಂದು ದಾಸವಾಳದ ಬೇಲಿ. ದೊಡ್ಡಮ್ಮನಿಗೆ ಆಗ ಎಪ್ಪತ್ತೆಂಟು. ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು, ಅಜ್ಜಿಯ ಕಾಲು ಸರಿ ಮಾಡಿಸಲೇಬೇಕು ಎಂದು ಮೊಮ್ಮಗಳು ಅವರನ್ನು ಎಳೆದು ತಂದು, ಕುರ್ಚಿಯಲ್ಲಿ ಕೂರಿಸಿ, ಜವಳಿ ಅಂಗಡಿಗೆ ಹೋದಳು.

"ಏನ್ ಮಾಡ್ತೀಯೋ ಮಾಡವ್ವ. ಈ ಕಾಲಿಗೆ ನಾನು ಎಕ್ಕಡ ಹಾಕಿದ್ದೇ ಐವತ್ತು ವರ್ಷ ಆದ್ಮೇಲೆ," ಎಂದು ಅವರು ಪಾದ ಎತ್ತಿ ನನ್ನ ತೊಡೆಯ ಮೇಲಿಟ್ಟರು.

ನಾನು ಹಿಮ್ಮಡಿ ನೋಡಿದೆ. ಎಷ್ಟು ಹಿಮ್ಮಡಿಗಳನ್ನು ಉಜ್ಜಿದ್ದೇನೆ, ಇಂಥದ್ದನ್ನು ಕಂಡಿರಲಿಲ್ಲ. ಅಂಚಿನಿಂದ ಹೊರಟ ದಪ್ಪ ಬಿರುಕುಗಳು ಒಳಕ್ಕೆ ಬರುತ್ತ ಕವಲೊಡೆದು, ಕವಲಿಗೆ ಮರಿ ಕವಲು ಹುಟ್ಟಿ, ನಡುವೆ ನುಣ್ಣಗೆ ಮುಗಿದಿದ್ದವು. ಎಲ್ಲವನ್ನೂ ಅಡ್ಡಡ್ಡ ದಾಟಿ ಒಂದು ಹಳೆಯ ಗಾಯದ ಓರೆ ಗೆರೆ. ಕಲ್ಲು ತಿಕ್ಕಿದರೆ ಇದೆಲ್ಲ ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ. ಹೋದರೆ ಮತ್ತೆ ಬರುವುದಿಲ್ಲ. ನನ್ನ ಕಣ್ಣು ಮೂಲೆಯಲ್ಲಿದ್ದ ಟಿಫನ್ ಡಬ್ಬಿಯ ಕಡೆ ಹೋಯಿತು.

"ದೊಡ್ಡಮ್ಮ, ಮೊದ್ಲು ಒಂದು ಮಣ್ಣಿನ ಪ್ಯಾಕ್ ಹಾಕ್ತೀನಿ. ಹೊಸ ಟ್ರೀಟ್‌ಮೆಂಟು," ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ತಣ್ಣನೆಯ ಮಣ್ಣನ್ನು ಹಿಮ್ಮಡಿಗೆ ಒತ್ತಿ ಹಿಡಿದೆ. ದೊಡ್ಡಮ್ಮನಿಗೆ ಬಹಳ ಹಿತವಾಯಿತು. "ಆಹಾ, ತಂಪಾಗ್ತದೆ ಕಣವ್ವ, ಕಣ್ಣಿಗಂಟ ಬತ್ತೈತೆ," ಎಂದರು. ಮೆಲ್ಲಗೆ ಬಿಡಿಸಿ, ಹಾಳಾಗದ ಹಾಗೆ ಡಬ್ಬಿಗಿಟ್ಟು, ಆಮೇಲೆ ಕಲ್ಲು ತಗೊಂಡು ನಿಜವಾದ ಕೆಲಸ ಮಾಡಿದೆ. ಹೋಗುವಾಗ ಅವರ ಹಿಮ್ಮಡಿ ಹಾಲುಗೆನ್ನೆಯಂತಿತ್ತು. ಅದರ ಹಳೆಯ ರೂಪ ನನ್ನ ಡಬ್ಬಿಯಲ್ಲಿತ್ತು.

ಅಚ್ಚು ಸುಟ್ಟು ಬಂದ ಮೇಲೆ ಎರಡು ಗೇಣು ಅಗಲದ ಒಂದು ತಟ್ಟೆ ಮಾಡಿದೆ. ಹಿಮ್ಮಡಿ ಗುಂಡಗಿರುತ್ತದಲ್ಲ, ಅದನ್ನು ಅಂಚಿನ ಸುತ್ತ ಒಂದರ ಪಕ್ಕ ಒಂದು ಒತ್ತಿದಾಗ ದಳಗಳ ಸಾಲಾಯಿತು. ಒಳಗೆ ಇನ್ನೊಂದು ಸುತ್ತು. ನಡುವೆ ಖಾಲಿ ಬಿಟ್ಟೆ. ದೂರದಿಂದ ನೋಡಿದರೆ ಅರಳಿದ ತಾವರೆ. ಟೀಚರ್ ಬಹಳ ಹೊತ್ತು ಬಗ್ಗಿ ನೋಡಿದರು.

"ಇದು ಯಾವ ಮರದ ತೊಗಟೆ?"

"ಹಳೇ ಮರ ಟೀಚರ್. ವನಗೂರಿನಿಂದಾಚೆಗೆ ಐತೆ."

"ಎಷ್ಟು ಚೆನ್ನಾಗಿ ಬಿರಿದಿದೆ! ಒಂದಿನ ನನ್ನೂ ಕರ್ಕೊಂಡು ಹೋಗಿ."

"ಈಗ ಅದಿಲ್ಲ ಟೀಚರ್. ಕ್ಲೀನ್ ಮಾಡಿಬಿಟ್ರು."

ಅವರಿಗೆ ನಿಜವಾಗಿ ಬೇಜಾರಾಯಿತು. ಮರ ಕಡಿಯುವವರನ್ನು ಸ್ವಲ್ಪ ಬೈದರು. ನಾನೂ ಜೊತೆಗೆ ಬೈದೆ.

ಇನ್ನು ಉಳಿದದ್ದು ಗ್ಲೇಜು. ಮಡಕೆಯ ಮೈಗೆ ಹಚ್ಚಿ ಸುಟ್ಟಾಗ ಕರಗಿ ಗಾಜಿನ ಹೊದಿಕೆಯಾಗುತ್ತದಲ್ಲ, ಅದು. ಈ ತಟ್ಟೆಗೆ ತೆಳ್ಳಗೆ ಹರಿಯುವ ಗ್ಲೇಜು ಬೇಕು, ದಿಣ್ಣೆಯಿಂದ ಜಾರಿ ಬಿರುಕುಗಳಲ್ಲಿ ನಿಲ್ಲಬೇಕು, ಅದಕ್ಕೆ ಸೌದೆಯ ಬೂದಿಯೇ ಸರಿ ಎಂದು ಟೀಚರ್ ಹೇಳಿದರು. "ಒಂದೊಂದು ಮರದ ಬೂದಿಗೆ ಒಂದೊಂದು ಬಣ್ಣ. ಕಾಫಿ ಗಿಡದ್ದು ಸಿಕ್ಕಿದ್ರೆ ನೋಡಿ. ಬೇರೆ ಸೌದೆ ಬೆರೆಸಿರಬಾರದು."

ಕಾಫಿ ಸೌದೆ ಬಿಟ್ಟು ಬೇರೇನೂ ಉರಿಸದ ಬಚ್ಚಲೊಲೆ ಯಾರದ್ದು ಎಂದು ಯೋಚಿಸಿದರೆ ಮತ್ತೆ ದೊಡ್ಡಮ್ಮನದ್ದೇ. ಹಳೆಯ ಗಿಡ ಕಿತ್ತ ಬೊಡ್ಡೆಗಳೆಲ್ಲ ಅವರ ಹಂಡೆಯ ಒಲೆಗೇ ಹೋಗುತ್ತವೆ. ಹಿಮ್ಮಡಿ ಅವರದ್ದು, ಬೂದಿಯೂ ಅವರದ್ದೇ ಆದರೆ ಚೆಂದ ಎನ್ನಿಸಿತು. ಒಂದು ಮಂಗಳವಾರ ಬೆಳಿಗ್ಗೆ ಅವರ ಮನೆಗೇ ಹೋದೆ.

"ಬೂದಿ ಯಾತಕ್ಕವ್ವ?"

"ಮುಖಕ್ಕೆ ಹಚ್ಚೋ ಒಂದು ಪ್ಯಾಕ್ ಮಾಡ್ತಿದ್ದೀನಿ ದೊಡ್ಡಮ್ಮ."

ಅವರು ಎದ್ದು ಬಚ್ಚಲಿಗೆ ನಡೆದರು. ಪ್ಲಾಸ್ಟಿಕ್ ಕವರು ಬೇಡ, ಒಳಗೆ ಕೆಂಡ ಗಿಂಡ ಇದ್ದರೆ ಸುಟ್ಟುಹೋಗುತ್ತದೆ ಎಂದು ಒಂದು ಹಳೆಯ ಮಣ್ಣಿನ ಕುಡಿಕೆಗೆ ಬೂದಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ಕುಡಿಕೆ ನೋಡಿ, ಬಟ್ಟೆ ನೋಡಿ, ಬಟ್ಟೆಯ ಅಂಚಿನಿಂದ ಉದುರಿದ ಬೂದಿ ನೋಡಿ, ತಲೆಯ ಮೇಲೆ ಸೆರಗು ಹೊದ್ದುಕೊಂಡರು. ದನಿ ತಗ್ಗಿಸಿ ಕೇಳಿದರು:

"ಯಾರ್ದವ್ವ?"

"ದೊಡ್ಡಮ್ಮಂದು," ಎಂದೆ. ಅದು ಸುಳ್ಳಲ್ಲ.

"ಅಯ್ಯೋ. ಎಸ್ಟೇಟ್ ದೊಡ್ಡಮ್ಮಂದಾ? ಎಷ್ಟಾಗಿತ್ತು?"

ಆಗ ನನಗೆ ಅರ್ಥವಾಯಿತು, ಅವರು ಬೂದಿಯನ್ನು ಹೇಮಾವತಿಗೆ ಬಿಡಲು ಒಯ್ಯುತ್ತಿದ್ದೇನೆ ಎಂದುಕೊಂಡಿದ್ದಾರೆ ಎಂದು. ತಿದ್ದಬೇಕಿತ್ತು. ತಿದ್ದುವಷ್ಟರಲ್ಲಿ ಅವರು ನನ್ನ ಭುಜದ ಮೇಲೆ ಕೈಯಿಟ್ಟಿದ್ದರು, ಮುಂದಿನ ಸೀಟಿನವರು ತಿರುಗಿದ್ದರು, ಕಂಡಕ್ಟರು ಟೋಪಿ ತೆಗೆದಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಎಪ್ಪತ್ತೆಂಟು."

"ತುಂಬು ಜೀವ," ಎಂದು ಅವರು ಕಣ್ಣೊರೆಸಿಕೊಂಡರು. ನನ್ನ ನಗು ತಡೆಯಲು ನಾನು ಸೆರಗಿನಿಂದ ಬಾಯಿ ಮುಚ್ಚಿದೆ. ಅದನ್ನು ಅವರೆಲ್ಲ ಅಳು ಎಂದುಕೊಂಡರು. ಹಳೆಯ ಸ್ಟೋರಿನ ಹತ್ತಿರ ಇಳಿಯುವಾಗ ಕುಡಿಕೆಯನ್ನು ನಾಲ್ಕು ಕೈಗಳು ಹಿಡಿದು ಇಳಿಸಿಕೊಟ್ಟವು.

ಮೂರನೇ ದಿನ ಪಾರ್ಲರಿನ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳ ಸದ್ದು ಕೇಳಿತು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಕುರ್ಚಿಯಲ್ಲಿದ್ದ ಗಿರಾಕಿಯ ಹುಬ್ಬು ಅರ್ಧಕ್ಕೇ ನಿಂತಿತು.

"ನಾನು ಸತ್ತೋದೆ ಅಂತ ಬಸ್ಸಲ್ಲಿ ಹೇಳ್ದೋಳು ನೀನೇನೇ?"

"ನಾನು ಹಂಗೆ ಹೇಳಿಲ್ಲ ದೊಡ್ಡಮ್ಮ..."

"ನಿನ್ನೆ ಹಾರ ತಗೊಂಡು ಇಬ್ರು ಬಂದಿದ್ರು ಕಣೆ! ಬಾಗ್ಲು ತೆಗೆದೋಳು ನಾನೇ. ಒಬ್ಬ ಅಲ್ಲೇ ಕೂತ್ಬುಟ್ಟ. ನೀರು ಕೊಟ್ಟು ಎಬ್ಬಿಸಬೇಕಾಯ್ತು." ಬೈಗುಳದ ನಡುವೆ ಅವರ ತುಟಿಯ ಒಂದು ಕೊನೆ ಅದುರುತ್ತಿತ್ತು. "ಹಾರ ಚೆನ್ನಾಗಿತ್ತು, ದೇವರಿಗೆ ಹಾಕ್ದೆ. ಈಗ ಹೇಳು, ನನ್ ಬೂದಿ ಏನ್ ಮಾಡ್ದೆ?"

ಮುಖದ ಪ್ಯಾಕಿನ ಸುಳ್ಳು ಇನ್ನು ನಡೆಯುವಂತಿರಲಿಲ್ಲ. ಮಣ್ಣಿನ ತಟ್ಟೆ ಮಾಡುತ್ತಿರುವುದು, ಬೂದಿಯಿಂದ ಅದಕ್ಕೆ ಬಣ್ಣ ಬರುವುದು ಎಲ್ಲ ಹೇಳಿದೆ. ಹಿಮ್ಮಡಿಯೊಂದನ್ನು ಬಿಟ್ಟು.

"ಹಂಗಾದ್ರೆ ತೋರ್ಸು. ಗೂಡಿಂದ ತೆಗೆಯೋ ದಿನ ನಾನು ಬತ್ತೀನಿ. ನನ್ ಬೂದಿ ಏನಾಯ್ತು ಅಂತ ನಾನೇ ನೋಡ್ಬೇಕು," ಎಂದು ಹೇಳಿ ಹೊರಟರು. ಅರ್ಧ ಹುಬ್ಬಿನ ಗಿರಾಕಿ ನಗು ತಡೆಯಲಾರದೆ ಕುರ್ಚಿಯಲ್ಲಿ ಕುಲುಕುತ್ತಿದ್ದಳು.

ಬೂದಿಯ ಕೆಲಸ ಸುಲಭದ್ದಾಗಿರಲಿಲ್ಲ. ಮೂರು ಸಲ ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಸಿ, ಮೇಲಿನ ನೀರು ಬಸಿದು, ಮತ್ತೆ ನೆನೆಸಬೇಕು. ಆ ನೀರು ಚರ್ಮವನ್ನು ಸುಡುತ್ತದೆ ಎಂದು ಟೀಚರ್ ಗ್ಲೌಸ್ ಹಾಕಿಸಿದ್ದರು. ಮೊದಲ ಪ್ರಯೋಗಕ್ಕೆ ಒಂದು ಸಣ್ಣ ಬಟ್ಟಲಿಗೆ ಹಚ್ಚಿ ಸುಟ್ಟೆವು. ಕಾಫಿ ಗಿಡದ ಬೂದಿ ಇಷ್ಟು ಚುರುಕು ಎಂದು ಯಾರಿಗೆ ಗೊತ್ತಿತ್ತು? ಗ್ಲೇಜೆಲ್ಲ ಬಟ್ಟಲಿನ ಮೈಯಿಂದ ಕೆಳಗಿಳಿದು, ಗೂಡಿನ ಹಲಗೆಗೆ ಹರಿದು, ಬಟ್ಟಲನ್ನು ಹಲಗೆಗೆ ಬೆಸೆದುಬಿಟ್ಟಿತ್ತು. ಟೀಚರ್ ಉಳಿ ಸುತ್ತಿಗೆ ಹಿಡಿದು ಒಂದು ಗಂಟೆ ಕೆತ್ತಿದರು. ಎರಡನೇ ಸಲಕ್ಕೆ ಬೂದಿಗೆ ಬಿಳಿ ಮಣ್ಣನ್ನು ಹೆಚ್ಚಾಗಿ ಬೆರೆಸಿದೆವು. ಅದು ಹೇಳಿದ ಮಾತು ಕೇಳಿತು. ತಟ್ಟೆಗೆ ಅದನ್ನೇ ಹಚ್ಚಿದೆವು.

ಗೂಡು ಆರಿದ ಮೇಲೆ, ಮಂಗಳವಾರ ಬೆಳಿಗ್ಗೆ, ದೊಡ್ಡಮ್ಮ ಜೀಪಿನಲ್ಲಿ ಬಂದಿಳಿದರು. ಹೊಸ ಚಪ್ಪಲಿ, ಮೊಮ್ಮಗಳ ಮದುವೆಯಲ್ಲಿ ಉಟ್ಟ ಸೀರೆ. ಟೀಚರ್ ಬಾಗಿಲು ತೆಗೆದರು. ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಗ್ಲೌಸ್ ತೊಟ್ಟು ತಟ್ಟೆಯನ್ನು ಈಚೆಗೆ ತಂದು ಮೇಜಿನ ಮೇಲಿಟ್ಟರು.

ನಾನು ಮಾಡಿದ್ದು ಎಂದು ನಂಬಲಾಗಲಿಲ್ಲ. ದಿಣ್ಣೆಗಳ ಮೇಲೆ ಜೇನಿನ ಬಣ್ಣ ತೆಳ್ಳಗೆ ನಿಂತಿತ್ತು. ಬಿರುಕುಗಳೊಳಗೆ ಹಸಿರು ಇಳಿದು, ದಳ ದಳದಿಂದಲೂ ಹರಿದು ಬಂದು, ನಡುವಿನ ತಗ್ಗಿನಲ್ಲಿ ಕೆರೆಯ ನೀರಿನ ಹಾಗೆ ಕೂಡಿಕೊಂಡಿತ್ತು. ಟೀಚರ್ ನನ್ನ ಬೆನ್ನು ತಟ್ಟಿದರು. ಅಲ್ಲಿಯವರೆಗೆ ಅವರು ಯಾರ ಬೆನ್ನನ್ನೂ ತಟ್ಟಿದ್ದನ್ನು ನಾನು ಕಂಡಿರಲಿಲ್ಲ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು. ಮೊದಲು ಬಣ್ಣವನ್ನು ಹೊಗಳಿದರು. ತಟ್ಟೆ ಆರಿದ ಮೇಲೆ ಬೆರಳನ್ನು ಒಂದು ದಳದ ಮೇಲಿಟ್ಟು ಓರೆ ಗೆರೆಯ ಉದ್ದಕ್ಕೂ ಎಳೆದರು. ಪಕ್ಕದ ದಳದಲ್ಲೂ ಅದೇ ಗೆರೆ. ಅದರ ಪಕ್ಕದಲ್ಲೂ. ಬೆರಳು ನಿಂತಿತು. ಅವರು ನಿಧಾನವಾಗಿ ನೆಟ್ಟಗಾಗಿ, ಮೇಜಿನ ಅಂಚನ್ನು ಹಿಡಿದು, ಎಡಗಾಲಿನ ಚಪ್ಪಲಿ ಬಿಟ್ಟು, ಪಾದವನ್ನು ಹಿಂದಕ್ಕೆ ಎತ್ತಿ ತಿರುಗಿ ನೋಡಿಕೊಂಡರು. ನಯವಾದ ಹಿಮ್ಮಡಿಯಲ್ಲಿ ಆ ಗಾಯದ ಗೆರೆ ಮಾತ್ರ ಹಾಗೇ ಇತ್ತು.

"ಇದು ನನ್ ಹಿಮ್ಮಡಿ," ಎಂದರು.

ಟೀಚರ್ ನನ್ನ ಕಡೆ ತಿರುಗಿದರು. "ಹಳೇ ಮರ ಅಂದ್ರಲ್ಲ?"

"ವನಗೂರಿನಿಂದಾಚೆಗೆ ಇರೋದು ನಿಜ," ಎಂದೆ. ಹದಿನೆಂಟು ವರ್ಷದ ಹೆಸರು, ಪಾರ್ಲರು, ಎಸ್ಟೇಟುಗಳ ಅಷ್ಟೂ ಗಿರಾಕಿಗಳು ಆ ಕ್ಷಣಕ್ಕೆ ಕಣ್ಣ ಮುಂದೆ ಬಂದು ಹೋದರು. "ತಪ್ಪಾಯ್ತು ದೊಡ್ಡಮ್ಮ. ಕೇಳ್ಬೇಕಾಗಿತ್ತು. ಕೇಳಿದ್ರೆ ನೀವು ಬ್ಯಾಡ ಅಂತೀರಿ ಅಂತ..."

ಅವರು ಕೈಯೆತ್ತಿ ನನ್ನ ಮಾತು ನಿಲ್ಲಿಸಿದರು. ತಟ್ಟೆಯನ್ನೇ ನೋಡುತ್ತಿದ್ದರು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಹೆದರಿದೆ. ನೋಡಿದರೆ ನಗು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಸ್ಟೂಲು ಎಳೆದು ಕೂತು, ಕಥೆ ಹೇಳಿದರು.

ಚಿಕ್ಕಮ್ಮ ಹಾಸನದಿಂದ ಹೊಸ ಸೊಸೆಯಾಗಿ ಬಂದಾಗಿನ ಮಾತು. ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗಿ. ದೊಡ್ಡಮ್ಮ ಆಗ ಬೆಳಗಿನಿಂದ ಸಂಜೆಯವರೆಗೆ ಬರಿಗಾಲಲ್ಲಿ ತೋಟದಲ್ಲಿ. ಒಂದು ದಿನ ಅಡಿಗೆಮನೆಯ ಬಾಗಿಲ ಹಿಂದಿನಿಂದ ಕೇಳಿಸಿಕೊಂಡರಂತೆ, ಚಿಕ್ಕಮ್ಮ ತನ್ನ ತಾಯಿಯ ಹತ್ತಿರ ಹೇಳುತ್ತಿದ್ದರು: ಅಕ್ಕನ ಹಿಮ್ಮಡಿ ನೋಡಿದರೆ ನನಗೆ ಊಟ ಸೇರುವುದಿಲ್ಲ.

"ಅವತ್ತಿಂದ ನಾನು ಏನೂ ಕೇಳಿಲ್ಲ, ಅವಳೂ ಏನೂ ಹೇಳಿಲ್ಲ. ಮಾತಾಡ್ತೀವಿ, ಹಬ್ಬಕ್ಕೆ ಬತ್ತಾಳೆ, ಹೋಗ್ತೀನಿ. ಆ ಮಾತು ಮಾತ್ರ ಇಲ್ಲೇ ಐತೆ," ಎಂದು ಎದೆ ಮುಟ್ಟಿಕೊಂಡರು. ಆಮೇಲೆ ಟೀಚರ್ ಕಡೆ ತಿರುಗಿ, "ಇದ್ರಲ್ಲಿ ಊಟ ಮಾಡಬಹುದೇನವ್ವ?" ಎಂದು ಕೇಳಿದರು.

"ಮಾಡಬಹುದು. ಇದೇ ಗ್ಲೇಜಿನ ಬಟ್ಟಲಿಗೆ ನಿಂಬೆಹುಳಿ ಹಾಕಿ ಪರೀಕ್ಷೆ ಮಾಡಿದ್ದೀವಿ, ಬಣ್ಣ ಏನೂ ಬಿಡಲ್ಲ."

"ಸರಿ ಹಂಗಾದ್ರೆ. ಭಾನುವಾರ ಅವಳ್ನ ಊಟಕ್ಕೆ ಕರೀತೀನಿ. ತಟ್ಟೆ ನಾನು ತಗೊಂಡೋಗ್ತೀನಿ. ನೀನೂ ಬಾ," ಎಂದು ನನ್ನ ಕೆನ್ನೆ ಹಿಂಡಿದರು. "ನೀನು ಮಾಡಿದ ತಪ್ಪಿಗೆ ನೀನೇ ಬಡಿಸ್ಬೇಕು."

ಭಾನುವಾರ ಪಾರ್ಲರಿಗೆ ಬಹಳ ಜನ ಬರುವ ದಿನ. ಬಾಗಿಲು ಹಾಕಿಕೊಂಡು ಹೋದೆ.

ಚಿಕ್ಕಮ್ಮ ಎಪ್ಪತ್ತೆರಡರ, ತೆಳ್ಳಗೆ ನೆಟ್ಟಗಿದ್ದ, ಮಾತು ಅಳೆದು ಆಡುವ ಹೆಂಗಸು. ದೊಡ್ಡಮ್ಮ ಎಲ್ಲರಿಗೂ ಸ್ಟೀಲ್ ತಟ್ಟೆ ಇಟ್ಟು, "ನೀನು ಅಪರೂಪದೋಳು, ನಿಂಗೆ ಹೊಸ ತಟ್ಟೆ," ಎಂದು ತಾವರೆಯನ್ನು ಅವರ ಮುಂದಿಟ್ಟರು. ಚಿಕ್ಕಮ್ಮ ತಟ್ಟೆಯನ್ನು ನೋಡಿದರು. ಒಂದು ಗಳಿಗೆ ಜಾಸ್ತಿಯೇ ನೋಡಿದರು ಎಂದು ನನಗೆ ಅನ್ನಿಸಿತು.

"ಚೆನ್ನಾಗೈತೆ. ತಾವರೆ ಅಲ್ವಾ?"

"ಹೂಂ, ತಾವರೆ," ಎಂದರು ದೊಡ್ಡಮ್ಮ.

ನಾನು ಕಡುಬು ಇಟ್ಟೆ, ಕೋಳಿ ಸಾರು ಬಿಟ್ಟೆ. ಸಾರು ದಳಗಳ ಬಿರುಕಿನಲ್ಲೆಲ್ಲ ಹರಿದು ಹೋಯಿತು. ಚಿಕ್ಕಮ್ಮ ಕಡುಬು ಮುರಿದು, ಒಂದೊಂದು ಬಿರುಕಿನಿಂದಲೂ ಸಾರನ್ನು ಒರೆಸಿ ಒರೆಸಿ ತಿಂದರು. ಎರಡನೇ ಸಲ ಬಡಿಸಿಕೊಂಡರು. ಮೂರನೇ ಸಲವೂ.

"ಊಟ ಸೇರ್ತಾ?" ಎಂದು ದೊಡ್ಡಮ್ಮ ಕೇಳಿದರು. ಅವರ ದನಿಯಲ್ಲಿ ಅರ್ಧ ಶತಮಾನ ಇತ್ತು.

"ಚೆನ್ನಾಗಿ ಸೇರ್ತು ಅಕ್ಕ."

ನಾನು ಸಾರಿನ ಪಾತ್ರೆಯ ಸಮೇತ ಅಡಿಗೆಮನೆಗೆ ಓಡಿ, ಗೋಡೆಗೆ ಹಣೆ ಒತ್ತಿ ನಕ್ಕೆ. ಹಿಂದೆಯೇ ದೊಡ್ಡಮ್ಮ ಬಂದರು. ಇಬ್ಬರೂ ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ನಿಂತೆವು.

ಎರಡು ವಾರ ಕಳೆದು, ಪಾರ್ಲರಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ಚಿಕ್ಕಮ್ಮ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ.

"ನಮ್ಮಕ್ಕನ ಹಿಮ್ಮಡಿನ ತಟ್ಟೆಗೆ ಒತ್ತಿದ್ದು ನೀನೇನಮ್ಮ?"

ನನ್ನ ಕೈಯಲ್ಲಿದ್ದ ಬಾಚಣಿಗೆ ಬಿತ್ತು.

"ಹೆದರ್ಕೋಬೇಡ. ತಟ್ಟೆ ಮುಂದಿಟ್ಟ ತಕ್ಷಣ ಗೊತ್ತಾಯ್ತು. ಅಕ್ಕ ತೋಟದಲ್ಲಿ ಕತ್ತಿ ಮೇಲೆ ಕಾಲಿಟ್ಟಾಗ ಜೊತೇಲಿದ್ದೋಳು ನಾನು. ಸೆರಗು ಹರಿದು ಕಟ್ಟಿ, ಹೆಗಲು ಕೊಟ್ಟು ಮನೆಗಂಟ ನಡೆಸ್ಕೊಂಡು ಬಂದೋಳು ನಾನು. ತಿಂಗಳುಗಟ್ಲೆ ದಿನಾ ಆ ಗಾಯಕ್ಕೆ ಅರಿಶಿನ ಇಟ್ಟಿದೀನಿ. ಆ ಗೆರೆ ಮರೀತೀನಾ?"

"ಮತ್ತೆ... ಯಾಕೆ ಉಂಡ್ರಿ ಚಿಕ್ಕಮ್ಮ?"

ಅವರು ಕನ್ನಡಿಯ ಕಡೆ ತಿರುಗಿದರು. "ಅವತ್ತು ನಾನು ಆಡಿದ ಮಾತು ಅಕ್ಕ ಕೇಳಿಸ್ಕೊಂಡಿದ್ದು ನಂಗೊತ್ತಿತ್ತು. ಬಾಗಿಲ ಸಂದೀಲಿ ಕಾಲು ಕಾಣ್ತಿತ್ತು. ಹೆಂಗ್ ಕ್ಷಮೆ ಕೇಳೋದು ಅಂತ ಗೊತ್ತಾಗ್ಲಿಲ್ಲ, ದಿನ ಕಳೆದ ಹಂಗೆ ಇನ್ನೂ ಕಷ್ಟ ಆಯ್ತು." ಆಮೇಲೆ ಎಂದಿನ ಗತ್ತಿಗೆ ಬಂದು, "ಸಾರೂ ಚೆನ್ನಾಗಿತ್ತು," ಎಂದರು.

ಬಾಚಣಿಗೆ ಎತ್ತಿಕೊಂಡೆ.

"ಅವಳಿಗೆ ಹೇಳ್ಬೇಡ. ಗೆದ್ದೆ ಅಂತ ಖುಷಿಯಾಗವ್ಳೆ, ಇರ್ಲಿ. ಆದ್ರೆ ಸುಮ್ನೆ ಬಿಡೋಕೂ ಆಗಲ್ಲ. ನಂಗೂ ಆ ಕೆಲ್ಸ ಕಲಿಸ್ತಾರಾ ಕೇಳು. ಅಕ್ಕಂಗೆ ಒಂದು ಕಾಫಿ ಲೋಟ ಮಾಡ್ಬೇಕು."

ಮುಂದಿನ ಮಂಗಳವಾರದಿಂದ ಅವರೂ ನನ್ನ ಜೊತೆ ಬಸ್ಸಿನಲ್ಲಿ ಬರತೊಡಗಿದರು. ತಿಗರಿ ಬೇಡವೆಂದರು. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಲೋಟ ಎಬ್ಬಿಸಿದರು. ಮೇಲಿನಿಂದ ಕೆಳಗಿನವರೆಗೆ ತಮ್ಮ ಹೆಬ್ಬೆಟ್ಟು ಒತ್ತಿದರು, ಒಂದೂ ಜಾಗ ಬಿಡದೆ. ಗ್ಲೇಜಿಗೆ ತಮ್ಮ ಮನೆಯ ಸಿಲ್ವರ್ ಓಕ್ ಸೌದೆಯ ಬೂದಿಯನ್ನೇ ಹಟ ಹಿಡಿದು ತಂದರು. ಅದು ಮಸುಕು ಹಳದಿಯಾಗಿ ಬಂತು, ಬೆರಳ ಗುಳಿಗಳಲ್ಲಿ ಮಾತ್ರ ಸ್ವಲ್ಪ ಹಸಿರು. ಆ ಗುಳಿಗಳು ಯಾರ ಬೆರಳಿನವು ಎಂದು ತಿಳಿಯದ ದೊಡ್ಡಮ್ಮ ಈಗ ದಿನವೂ ಅದರಲ್ಲೇ ಕಾಫಿ ಕುಡಿಯುತ್ತಾರೆ. ಹಿಡಿಯಲು ಬಹಳ ಅನುಕೂಲ, ಜಾರುವುದಿಲ್ಲ ಎಂದು ನನ್ನ ಹತ್ತಿರ ಹೊಗಳಿದರು. ನಾನು ಹೌದೌದು ಎಂದೆ. ಪಕ್ಕದಲ್ಲಿದ್ದ ಚಿಕ್ಕಮ್ಮ ದಾಸವಾಳದ ಕಡೆ ನೋಡುತ್ತಿದ್ದರು.

ಲೋಟ ಮುಗಿದ ಮೇಲೆ ಅವರು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಕಳೆದ ವಾರ ಉಪ್ಪಿನಕಾಯಿಗೆಂದು ಒಂದು ದೊಡ್ಡ ಜಾಡಿ ಮಾಡಿದರು. ಮುಚ್ಚಳ ಜಾಡಿಯ ಬಾಯಿಗಿಂತ ಎರಡು ಬೆರಳು ದೊಡ್ಡದಾಯಿತು. ಟೀಚರ್ ಇನ್ನೊಂದು ಮುಚ್ಚಳ ಮಾಡಲು ಹೇಳಿದರು. ಚಿಕ್ಕಮ್ಮ ಒಪ್ಪಲಿಲ್ಲ.

"ಮುಚ್ಚಳ ಸರಿಯಾಗೇ ಐತೆ ಕಣಮ್ಮ," ಎಂದರು. "ಜಾಡಿ ಇನ್ನೊಂದು ಮಾಡ್ತೀನಿ."